ಕೆಟ್ಟ ಸುದ್ದಿ ನಿಮ್ಮ ಕೋಣೆಯವರೆಗೆ ಬರುತ್ತದೆಯೇ?

ಮಾನ್ಯ ಜನಪ್ರತಿನಿಧಿಗಳೇ,

ನಮಸ್ಕಾರ. ಗೆದ್ದಿದ್ದೀರಿ, ಅಭಿನಂದನೆಗಳು. ನಿಮ್ಮನ್ನು ಹೊಗಳುವವರ ಸಾಲು ಈಗ ಸ್ವಲ್ಪ ಕರಗಿರಬಹುದು ಅಂತ ಇವತ್ತು ಬರೆಯುತ್ತಿದ್ದೇನೆ.

ನಾನು ಚರಿತ್ರೆಯ ಪಂಡಿತನಲ್ಲ. ಓದುವ ಚಟ ಇದೆ, ಅಷ್ಟೇ. ಯಾವ ನಾಯಕನ ಬಗ್ಗೆ ಓದಿದರೂ ನಾನು ಹುಡುಕುವುದು ಒಂದನ್ನೇ. ಇವನ ಹತ್ತಿರ ಹೋಗಿ ‘ನೀವು ಮಾಡಿದ್ದು ತಪ್ಪು’ ಎಂದವನ ಗತಿ ಏನಾಯಿತು?

ಚೀನಾದ ಮಾವೋ ಕಥೆ ನೋಡಿ. ಗುಬ್ಬಚ್ಚಿಗಳು ಕಾಳು ತಿನ್ನುತ್ತವೆ, ಕೊಲ್ಲಿ ಎಂದು 1958ರಲ್ಲಿ ಆಜ್ಞೆಯಾಯಿತು. ಜನ ತಟ್ಟೆ, ಡೋಲು ಬಡಿದು, ಎಲ್ಲೂ ಕೂರಲು ಬಿಡದೆ ಹಕ್ಕಿಗಳನ್ನು ಸುಸ್ತು ಮಾಡಿ ಸಾಯಿಸಿದರು. ಗುಬ್ಬಚ್ಚಿ ಹುಳವನ್ನೂ ತಿನ್ನುತ್ತಿತ್ತು ಅಲ್ವಾ? ಹೊಲದಲ್ಲಿ ಹುಳದ ಕಾಟ ಜಾಸ್ತಿಯಾಯಿತು. ಆದರೆ ನನಗೆ ಗುಬ್ಬಚ್ಚಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಅಲ್ಲಿನ ಲೆಕ್ಕ. ಮೇಲಿನವರನ್ನು ಮೆಚ್ಚಿಸಲು ಅಧಿಕಾರಿಗಳು ಇಲ್ಲದ ಬೆಳೆಯನ್ನು ಇದೆ ಎಂದು ಬರೆದರು. ಆ ಸುಳ್ಳು ಲೆಕ್ಕ ನಂಬಿ ಸರ್ಕಾರ ಧಾನ್ಯ ಎತ್ತಿಕೊಂಡು ಹೋಯಿತು. ರೈತನ ಕಣಜ ಬರಿದಾಯಿತು.

1959ರಲ್ಲಿ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಈ ತಪ್ಪುಗಳನ್ನು ತಿಳಿಸಿ ಮಾವೋಗೆ ಖಾಸಗಿಯಾಗಿ ಒಂದು ಪತ್ರ ಬರೆದರು. ಮಾವೋ ಅದನ್ನು ಸಭೆಯಲ್ಲಿ ಎಲ್ಲರಿಗೂ ಹಂಚಿಸಿದರು. ಪೆಂಗ್ ಹುದ್ದೆ ಹೋಯಿತು. ಅದಾದ ಮೇಲೆ ಇನ್ಯಾರು ಬಾಯಿ ಬಿಟ್ಟಾರು? ಬರಗಾಲ ಮುಗಿಯುವಷ್ಟರಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತಿದ್ದರು.

ಸೋವಿಯತ್ ನಾಯಕ ಸ್ಟಾಲಿನ್‌ಗೂ 1941ರಲ್ಲಿ, ಜರ್ಮನಿ ದಾಳಿ ಮಾಡಲಿದೆ ಎಂಬ ಎಚ್ಚರಿಕೆ ಮತ್ತೆ ಮತ್ತೆ ಬಂದಿತ್ತು. ನಂಬಲಿಲ್ಲ. ಅದರ ಬೆಲೆ ಕೊಟ್ಟವರು ಸೈನಿಕರು.

ಇದಕ್ಕೆ ತೀರಾ ಬೇರೆಯಾಗಿ ಕಾಣುವವನು ಅಶೋಕ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದುಕೊಂಡು ಹೋದೆವು ಎಂದು ತನ್ನ ಶಾಸನದಲ್ಲಿ ತಾನೇ ಬರೆಸಿದ. ಗೆದ್ದ ರಾಜ ಸುಮ್ನೆ ವಿಜಯಸ್ತಂಭ ನಿಲ್ಲಿಸಬಹುದಿತ್ತು. ಇನ್ನೊಂದು ಶಾಸನದಲ್ಲಿ ಹೇಳುತ್ತಾನೆ: ನಾನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಜನರ ವಿಷಯವನ್ನು ಯಾವಾಗ ಬೇಕಾದರೂ ಬಂದು ತಿಳಿಸಿ. ಈ ಮನುಷ್ಯನೇ ಆ ಯುದ್ಧ ಮಾಡಿದವನು ಎಂಬುದನ್ನು ನಾನು ಮರೆತಿಲ್ಲ. ಒಳ್ಳೆಯ ನಾಯಕ, ಕೆಟ್ಟ ನಾಯಕ ಅಂತ ಎರಡು ಗೂಡು ಮಾಡಿ ಜನರನ್ನು ತುಂಬುವುದು ಅಷ್ಟು ಸುಲಭವಲ್ಲ. ಬ್ರಿಟನ್ ಪ್ರಧಾನಿ ಚರ್ಚಿಲ್ 1940ರಲ್ಲಿ ತನ್ನ ಜನರಿಗೆ ಬರಲಿರುವ ಕಷ್ಟವನ್ನು ಮುಚ್ಚಿಡದೆ ಹೇಳಿದರು. 1943ರಲ್ಲಿ ಬಂಗಾಳ ಹಸಿದಾಗ ಧಾನ್ಯದ ಹಡಗು ಕಳಿಸಿ ಎಂದು ಭಾರತದಿಂದ ಬೇಡಿಕೆ ಹೋದರೂ ಕೇಳಿದಷ್ಟು ಕಳಿಸಲಿಲ್ಲ. ನಾಯಕ ಯಾರ ಕೂಗು ಕೇಳಿಸಿಕೊಳ್ಳುತ್ತಾನೆ ಎಂಬುದೂ ಒಂದು ಪ್ರಶ್ನೆ.

ನನಗೆ ತುಂಬಾ ಇಷ್ಟವಾದದ್ದು ಒಂದು ಸಣ್ಣ ಚೀಟಿ. 1944ರ ಜೂನ್‌ನಲ್ಲಿ, ಹಿಟ್ಲರನ ಸೈನ್ಯ ಹಿಡಿದಿದ್ದ ಫ್ರಾನ್ಸಿನ ನಾರ್ಮಂಡಿ ತೀರದ ಮೇಲಿನ ದಾಳಿಯ ಮುನ್ನಾದಿನ, ಮಿತ್ರಪಡೆಗಳ ಸೇನಾಪತಿ ಐಸೆನ್‌ಹೋವರ್ ಸೋತರೆ ಓದಲು ನಾಲ್ಕು ಸಾಲು ಬರೆದಿಟ್ಟುಕೊಂಡಿದ್ದರು. ಮೊದಲು ‘ಸೈನ್ಯವನ್ನು ಹಿಂದಕ್ಕೆ ಕರೆಸಲಾಗಿದೆ’ ಎಂಬ ಧಾಟಿಯಲ್ಲಿ ಬರೆದು, ಅದನ್ನು ಹೊಡೆದುಹಾಕಿ ‘ನಾನು ಕರೆಸಿದ್ದೇನೆ’ ಎಂದು ತಿದ್ದಿದರು. ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದೇ ಎಂದು ಮುಗಿಸಿದರು. ಆ ಚೀಟಿ ಓದುವ ಪ್ರಸಂಗ ಬರಲಿಲ್ಲ, ಬಿಡಿ.

ನಮ್ಮ ಕಚೇರಿ ಭಾಷೆ ನಿಮಗೆ ಗೊತ್ತೇ ಇದೆ. ‘ಗಮನಕ್ಕೆ ತರಲಾಗಿದೆ’, ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’. ತಂದವರು ಯಾರು, ಕೈಗೊಳ್ಳುವವರು ಯಾರು? ಈ ವಾಕ್ಯಗಳಲ್ಲಿ ಮನುಷ್ಯರೇ ಇಲ್ಲ. ನಿಮ್ಮ ಸಹಿ ಬೀಳುವ ಕಾಗದಗಳಲ್ಲಾದರೂ ‘ನಾನು’ ಎಂದು ಬರೆಸಿ.

ಇನ್ನೊಂದು ಕೋರಿಕೆ. 1962ರಲ್ಲಿ ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಅಣು ಕ್ಷಿಪಣಿ ಇಟ್ಟು ಬಿಕ್ಕಟ್ಟು ಬಂದಾಗ ಅಮೆರಿಕದ ಅಧ್ಯಕ್ಷ ಕೆನಡಿ ಕೆಲವು ಸಭೆಗಳಿಂದ ಬೇಕೆಂದೇ ದೂರ ಉಳಿದರು. ತಾನಿದ್ದರೆ ಸಲಹೆಗಾರರು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ ಅಂತ. ಹಿಂದಿನ ವರ್ಷವಷ್ಟೇ, ಹೆಚ್ಚಿನ ಸಲಹೆಗಾರರು ತಲೆಯಾಡಿಸಿದ ದಾಳಿಯ ಯೋಜನೆ ನಂಬಿ ಅದೇ ಕ್ಯೂಬಾದಲ್ಲಿ ಮುಖಭಂಗ ಅನುಭವಿಸಿದ್ದರು. ನೀವೂ ಆಗಾಗ ಹಾಗೆ ಎದ್ದು ಹೊರಗೆ ಹೋಗಿ ನೋಡಿ.

ಈ ಪತ್ರದ ಒಂದು ಪ್ರತಿಯನ್ನು ನಿಮ್ಮ ಆಪ್ತ ಸಹಾಯಕರ ಕೈಗೂ ಕೊಟ್ಟಿದ್ದೇನೆ. ‘ಸಾಹೇಬರಿಗೆ ಇಂಥದ್ದೆಲ್ಲ ಯಾಕೆ’ ಎಂದು ಅವರು ನಕ್ಕರು. ಅದು ನಿಮ್ಮ ಮೇಜಿಗೆ ಬಂತೋ ಇಲ್ಲವೋ, ಅಷ್ಟು ಮಾತ್ರ ತಿಳಿಸಿ.

ಇಂತಿ,
ನಿಮ್ಮ ಒಬ್ಬ ಮತದಾರ