ಬೈಕಿನ ಮುಂದಿನ ಸೀಟು

ಪ್ರೀತಿಯ ದೋಸ್ತ,

ಗದಗಿನ ಬಳಿಯ ಹಳೆಯ ಗುಡಿಗಳ ಊರು ಲಕ್ಕುಂಡಿಯ ಬಗ್ಗೆ ನಾನು ಬರೆದ ಪ್ರವಾಸ ಲೇಖನವನ್ನು ಓದಿ ನೀನು ಒಂದು ಮೆಚ್ಚುಗೆ ಒತ್ತಿ ಸುಮ್ಮನಾದೆ. ಬೈದಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಎಲ್ಲರೆದುರು ಏಕೆ ಎನ್ನಬೇಡ. ತಪ್ಪನ್ನೂ ಎಲ್ಲರೆದುರೇ ಮಾಡಿದ್ದೇನೆ.

ನಿನ್ನೆ ಧಾರವಾಡದ ಓದುಗರೊಬ್ಬರು, ಡಂಬಳದಿಂದ ಲಕ್ಕುಂಡಿಗೆ ಹೇಗೆ ಹೋದಿರಿ ಎಂದು ಕೇಳಿದರು. ಬೈಕಿನಲ್ಲಿ ಎಂದು ಉತ್ತರ ಬರೆದೆ, ಬರೆದು ಗಾಬರಿಯಾದೆ. ಲೇಖನ ಶುರುವಾಗುವುದೇ 'ಒಬ್ಬನೇ ಹೊರಟೆ' ಎಂಬ ಮಾತಿನಿಂದ. ನನಗೆ ಬೈಕ್ ಓಡಿಸಲು ಬರುವುದಿಲ್ಲವೆಂಬುದು ಅರ್ಧ ಹುಬ್ಬಳ್ಳಿಗೆ ಗೊತ್ತು. ಹಾಗಾದರೆ ಮುಂದಿನ ಸೀಟಿನಲ್ಲಿ ಯಾರಿದ್ದರು, ದೆವ್ವವೇ?

ಪ್ರವಾಸ ಬರೆಯುವವನು ಒಂಟಿಯಾಗಿದ್ದರೆ ಚೆನ್ನಾಗಿ ಕಾಣುತ್ತಾನೆ, ನಿಜ ಇಷ್ಟೇ. ಲೇಖನವನ್ನು ಮತ್ತೆ ಓದಿದೆ. ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ಗೋಡೆಗೆ ಒಂದು ಪುಟ. ಕಡೆದು ನುಣುಪಾದ ಬಳಪದ ಕಲ್ಲಿನ ಕಂಬಗಳಿಗೆ ಹನ್ನೊಂದು ವಿಶೇಷಣ. ಕಾಶಿವಿಶ್ವೇಶ್ವರನೂ ಸೂರ್ಯನೂ ಎದುರುಬದುರಾಗಿ ಇರುವುದಕ್ಕೆ ಎರಡು ಉಪಮೆ, ಎರಡೂ ಸಾಲ ತಂದವು. ಟೈರ್ ಪಂಕ್ಚರ್ ಆದಾಗ ನೆರಳಿಗೆ ಕರೆದ ಅವ್ವನ ಕೈಯ ಸುಕ್ಕುಗಳಿಗೆ ಒಂದು ಇಡೀ ಪ್ಯಾರಾ ಕೊಟ್ಟಿದ್ದೇನೆ. ಆ ಕೈ ಬಡಿದು ಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಸುದ್ದಿಯೇ ಇಲ್ಲ. ಹೆಸರನ್ನಂತೂ ಕೇಳಲೇ ಇಲ್ಲ. ನೀನು ಕೇಳಿದ್ದೆ.

ರನ್ನನ ನೆನಪಾಗಿ ಇನ್ನಷ್ಟು ಕುಗ್ಗಿದೆ. ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದ, ತನಗೆ ಆಶ್ರಯ ಕೊಟ್ಟ ಅತ್ತಿಮಬ್ಬೆಯನ್ನು ಅವನು ಅಜಿತಪುರಾಣದಲ್ಲಿ ಮನಸಾರೆ ಕೊಂಡಾಡಿದ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಅವಳು. ಅವನಿಗೆ ವರ್ಣನೆಯೂ ಬರುತ್ತಿತ್ತು, ಉಂಡ ಮನೆಯೂ ನೆನಪಿತ್ತು. ನನಗೆ 1007ರ ಶಾಸನದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು ಗೊತ್ತು. ತೆಗೆದವನೂ ನೀನೇ.

ಮುಸುಕಿನ ಬಾವಿಯ ವಿಷಯ ಬರೆಯಬಾರದು ಎಂದುಕೊಂಡಿದ್ದೆ. 'ಮೂರು ದಿಕ್ಕಿನಿಂದ ಇಳಿಯುವ ಮೆಟ್ಟಿಲುಗಳ ಮೇಲೆ ಮೌನ ಕುಳಿತಿತ್ತು' ಎಂಬ ಸಾಲನ್ನು ಬಹಳ ಜನ ಮೆಚ್ಚಿದರು. ಕುಳಿತದ್ದು ಮೌನವಲ್ಲ, ನಾನು. ಅಪ್ಪ ತೀರಿಕೊಂಡು ಇಪ್ಪತ್ತು ದಿನವಾಗಿತ್ತು, ಮನೆಯಲ್ಲಿ ಒಮ್ಮೆಯೂ ಅತ್ತಿರಲಿಲ್ಲ, ಅಲ್ಲಿ ಅತ್ತೆ. ನೀನು ತೋಳು ಹಿಡಿಯಲಿಲ್ಲ, ಸಮಾಧಾನ ಹೇಳಲಿಲ್ಲ. ಆಚೆ ಬದಿಗೆ ಹೋಗಿ ಮೆಟ್ಟಿಲು ಎಣಿಸತೊಡಗಿದೆ. ಎಣಿಸಿ ಮುಗಿಸಿ ನನ್ನ ಕಡೆ ನೋಡಿದೆ, ಮತ್ತೆ ಒಂದರಿಂದ ಶುರುಮಾಡಿದೆ. ಅವತ್ತು ಊರು ನೋಡಲೆಂದು ನೀನು ರಜೆ ಹಾಕಿರಲಿಲ್ಲ. ಇದು ನನಗೆ ಅಲ್ಲೇ ಹೊಳೆದಿತ್ತು. ಆದರೂ ಬರೆಯುವಾಗ ನಿನ್ನನ್ನು ಒರೆಸಿದೆ, ಏಕೆಂದರೆ ನಿನ್ನನ್ನು ಉಳಿಸಿಕೊಂಡರೆ ಅಳುವನ್ನೂ ಉಳಿಸಿಕೊಳ್ಳಬೇಕಿತ್ತು.

ಸಾಕು, ಇದನ್ನು ನಿನ್ನ ಹೆಂಡತಿಯೂ ಓದುತ್ತಾಳೆ. ತಿದ್ದುಪಡಿ ಹೀಗಿದೆ: 'ಒಬ್ಬನೇ' ಎಂಬಲ್ಲಿ 'ಇಬ್ಬರು' ಎಂದು ಓದಿಕೊಳ್ಳಬೇಕು. ಪೆಟ್ರೋಲಿನ ಅರ್ಧ ಹಣ ಬಾಕಿ ಇರುವುದನ್ನೂ ಒಪ್ಪಿಕೊಂಡಿದ್ದೇನೆ. ಆದರೆ ಗದಗಿನ ಆ ಮೂರನೇ ಮಿರ್ಚಿಯನ್ನು ತಿಂದವನು ನಾನಲ್ಲ, ಅದನ್ನು ಯಾವ ಕಲ್ಲಿನ ಮೇಲೆ ಬೇಕಾದರೂ ಕೆತ್ತಿಸುತ್ತೇನೆ.

ನಿನ್ನ,
ಹಿಂದಿನ ಸೀಟಿನವನು