ಮಾರ್ಚ್ 27ರ ತೊಮಿಒಕಾ ಹಚಿಮನ್ – ರ್ಯೋಗೊಕು ಪ್ರವಾಸ: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ, ನಮಸ್ಕಾರ.

ವಸಂತ ರಜೆಯಲ್ಲಿ ನಮ್ಮ ಕನ್ನಡ ಶಾಲೆಯ ಮಕ್ಕಳನ್ನು ಮಾರ್ಚ್ 27, ಶುಕ್ರವಾರ ಟೋಕಿಯೊದಲ್ಲಿ ವೃತ್ತಿಪರ ಸುಮೋ ಕುಸ್ತಿ ಬೆಳೆದ ಜಾಗಗಳಿಗೆ ಕರೆದೊಯ್ಯುತ್ತಿದ್ದೇವೆ. ಶುಕ್ರವಾರವೇ ಏಕೆಂದರೆ ರ್ಯೋಗೊಕುವಿನ ಸುಮೋ ವಸ್ತುಸಂಗ್ರಹಾಲಯ ಶನಿವಾರ, ಭಾನುವಾರ ತೆರೆಯುವುದಿಲ್ಲ. ಪಂದ್ಯ ಮಾತ್ರ ಅಂದು ಇರುವುದಿಲ್ಲ. ಟೋಕಿಯೊದಲ್ಲಿ ಪಂದ್ಯಾವಳಿ ನಡೆಯುವುದು ಜನವರಿ, ಮೇ, ಸೆಪ್ಟೆಂಬರಿನಲ್ಲಿ; ಮಾರ್ಚಿನದು ಒಸಾಕಾದಲ್ಲಿ. ಆದ್ದರಿಂದ ಪೈಲ್ವಾನರನ್ನು ನೋಡುತ್ತೇವೆಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ.

ಬೆಳಿಗ್ಗೆ 9:40ಕ್ಕೆ ನಿಶಿ-ಕಸಾಯ್ ನಿಲ್ದಾಣದ ಟಿಕೆಟ್ ಗೇಟಿನ ಎದುರು ಸೇರೋಣ. ಅದಕ್ಕಿಂತ ಮುಂಚೆ ತೊಝಾಯ್ ಲೈನಿನಲ್ಲಿ ಚಿಕ್ಕ ಮಕ್ಕಳು ನಿಲ್ಲಲಾರದಷ್ಟು ನೂಕುನುಗ್ಗಲು. ನಾಲ್ಕನೇ ನಿಲ್ದಾಣ ಮೊನ್ಜೆನ್-ನಕಾಚೊದಲ್ಲಿ ಇಳಿಯುತ್ತೇವೆ. ಮಕ್ಕಳ ರೈಲು ಪ್ರಯಾಣದ ಐಸಿ ಕಾರ್ಡಿಗೆ 1,000 ಯೆನ್ ತುಂಬಿಸಿಡಿ. ಮುಂದೆ ರ್ಯೋಗೊಕುವಿಗೆ ಹೋಗಲು ಓಎಡೊ ಲೈನಿಗೆ ಬದಲಾಯಿಸುವಾಗ ಬೇರೆ ಸಂಸ್ಥೆಯ ಗೇಟು ದಾಟಬೇಕು, ಹಣ ಕಡಿಮೆ ಬಿದ್ದರೆ ಇಡೀ ಗುಂಪು ಅಲ್ಲೇ ನಿಲ್ಲುತ್ತದೆ.

ಮೊದಲು ತೊಮಿಒಕಾ ಹಚಿಮನ್ ಜಿಂಜಾ ಎಂಬ ಶಿಂಟೊ ದೇಗುಲ. 1627ರಲ್ಲಿ ಸ್ಥಾಪನೆಯಾದ ಈ ದೇಗುಲದ ಅಂಗಳದಲ್ಲಿ 1684ರಿಂದ ಚಂದಾ ಎತ್ತುವ ಸುಮೋ ಪಂದ್ಯಗಳು ನಡೆದವು. ಹಿಂಭಾಗದಲ್ಲಿ 1900ರಲ್ಲಿ ನಿಲ್ಲಿಸಿದ ಯೊಕೊಝುನ (ಸುಮೋದ ಅತ್ಯುನ್ನತ ಪದವಿ) ಶಿಲೆಯಿದೆ. ಆ ಪದವಿಗೇರಿದವರ ಹೆಸರುಗಳನ್ನು ಅದರ ಮೇಲೆ ಕೆತ್ತಿದ್ದಾರೆ. ಇಲ್ಲಿ ಆತುರ ಬೇಡವೆಂದು ಪೂರ್ತಿ ಒಂದು ಗಂಟೆ ಇಟ್ಟಿದ್ದೇವೆ.

ಪ್ರಾರ್ಥನೆಗೆ ಮುಂಚೆ ದೇಗುಲದ ನೀರಿನ ತೊಟ್ಟಿಯಲ್ಲಿ ಕೈ, ಬಾಯಿ ತೊಳೆಯುವ ಕ್ರಮವನ್ನು ದಯವಿಟ್ಟು ಮನೆಯಲ್ಲೇ ಒಂದು ಲೋಟ ನೀರಿಟ್ಟುಕೊಂಡು ಅಭ್ಯಾಸ ಮಾಡಿಸಿ. ಸೌಟನ್ನು ಬಲಗೈಯಲ್ಲಿ ಹಿಡಿದು ಎಡಗೈ ತೊಳೆಯಬೇಕು, ಕೈ ಬದಲಿಸಿ ಬಲಗೈ. ಮತ್ತೆ ಬಲಗೈಗೆ ತಂದು, ಎಡ ಬೊಗಸೆಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ, ಎಡಗೈ ಇನ್ನೊಮ್ಮೆ ತೊಳೆಯಬೇಕು. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲಿಂದ ಇಳಿದು, ಮುಂದಿನವರಿಗಾಗಿ ಅದನ್ನೂ ತೊಳೆಯುತ್ತದೆ. ಇಷ್ಟಕ್ಕೂ ಒಂದೇ ಸೌಟು ನೀರು ಸಾಕಾಗಬೇಕು. ಮಕ್ಕಳು ಎಡಗೈಗೇ ಅರ್ಧ ಸುರಿದುಬಿಡುತ್ತಾರೆ. ನಮ್ಮ ಮಕ್ಕಳಿಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು: ಇದು ತೀರ್ಥವಲ್ಲ, ಕುಡಿಯಬಾರದು, ಇಲ್ಲಿ ಕಾಲು ತೊಳೆಯುವ ಪದ್ಧತಿಯೂ ಇಲ್ಲ. ಸೌಟು ತೆಗೆದಿಟ್ಟು ನಲ್ಲಿಯಿಂದ ನೀರು ಬಿಟ್ಟಿದ್ದರೂ ಕ್ರಮ ಇದೇ.

ತೊರಿಇ ಕಮಾನಿನ ಬಳಿ ತಲೆಬಾಗಿ, ದಾರಿಯ ನಡುವೆ ನಡೆಯದೆ ಅಂಚಿನಲ್ಲಿ ಸಾಗಬೇಕು, ನಡುದಾರಿ ದೇವರದು. ಐದು ಯೆನ್ ಕಾಣಿಕೆ ಹಾಕಿ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು. ಪಕ್ಕದ ಫುಕಗಾವ ಫುದೋದೋ ಬೌದ್ಧ ದೇವಾಲಯ, ಅಲ್ಲಿ ಚಪ್ಪಾಳೆಯಿಲ್ಲ, ಕೈ ಮುಗಿದರೆ ಸಾಕು. ಅಲ್ಲಿನ ಗೋಮಾ ಅಗ್ನಿಪೂಜೆಯನ್ನು ತಪ್ಪದೆ ತೋರಿಸುತ್ತೇವೆ: ಗೋಮಾ ಎಂದರೆ ನಮ್ಮ ಹೋಮವೇ, ಆ ಸಂಸ್ಕೃತ ಪದವೇ ಚೀನಾದ ಮೂಲಕ ಇಲ್ಲಿಗೆ ಬಂದದ್ದು. ಡೋಲಿನ ಸದ್ದು ಎದೆ ನಡುಗಿಸುವಷ್ಟಿರುತ್ತದೆ. ಸದ್ದಿಗೆ ಹೆದರುವ ಮಗುವಿದ್ದರೆ ಮೊದಲೇ ತಿಳಿಸಿ. ಶೂ ಬಿಚ್ಚಬೇಕಾಗುವುದರಿಂದ ಲೇಸಿಲ್ಲದ್ದನ್ನು ಹಾಕಿಸಿ, ಅದನ್ನಿಡಲು ಒಂದು ಪ್ಲಾಸ್ಟಿಕ್ ಚೀಲ ಕೊಡಿ.

ಊಟ ಮನೆಯಿಂದಲೇ ಬರಲಿ. ರ್ಯೋಗೊಕುವಿನ ಚಾಂಕೊ (ಸುಮೋ ಪೈಲ್ವಾನರ ಸಾರಿನೂಟ) ಪ್ರಸಿದ್ಧ, ಆದರೆ ತರಕಾರಿ ಮಾತ್ರ ಹಾಕಿಸಿದರೂ ಸಾರಿನ ಬುಡ ಕೋಳಿಯದೋ ಮೀನಿನದೋ ಆಗಿರುತ್ತದೆ; ಸಸ್ಯಾಹಾರಿ ಮಕ್ಕಳಿಗೆ ಆಗದು. ಚಪಾತಿ ಪಲ್ಯ, ಚಿತ್ರಾನ್ನ ಚೆನ್ನ. ಕಸದ ಬುಟ್ಟಿ ಸಿಗುವುದು ಅಪರೂಪ, ಕಸ ಮನೆಗೇ ವಾಪಸು.

ಮಧ್ಯಾಹ್ನ ಎಕೋಇನ್ ಬೌದ್ಧ ದೇವಾಲಯ ನೋಡಿಕೊಂಡು, ಸುಮೋ ಕ್ರೀಡಾಂಗಣವಾದ ಕೊಕುಗಿಕಾನ್ ಕಟ್ಟಡದೊಳಗಿರುವ ವಸ್ತುಸಂಗ್ರಹಾಲಯಕ್ಕೆ ಹೋಗುತ್ತೇವೆ. ಪ್ರವೇಶ ಉಚಿತ. ಅಖಾಡ (ದೊಹ್ಯೊ) ಕಾಣಸಿಗದ ಕಾರಣ ಶಾಲೆಯ ಅಂಗಳದಲ್ಲಿ ಹಗ್ಗದಿಂದ 4.55 ಮೀಟರ್ ಅಡ್ಡಳತೆಯ ವೃತ್ತ ಹಾಕಿ ತೋರಿಸುವ ಪಾಠವನ್ನು ಹಿಂದಿನ ವಾರದ ತರಗತಿಯಲ್ಲೇ ಮುಗಿಸುತ್ತೇವೆ.

ಹೆಣ್ಣುಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ವೃತ್ತಿಪರ ಸುಮೋದ ದೊಹ್ಯೊವನ್ನು ಹೆಂಗಸರು ಹತ್ತುವಂತಿಲ್ಲ. 2018ರಲ್ಲಿ ಮೈಝುರುವಿನಲ್ಲಿ, ಕುಸಿದುಬಿದ್ದವರ ಜೀವ ಉಳಿಸಲು ಹತ್ತಿದ ಹೆಂಗಸರಿಗೂ ಕೆಳಗಿಳಿಯಲು ಹೇಳಲಾಯಿತು; ಸುಮೋ ಸಂಘ ಆಮೇಲೆ ಕ್ಷಮೆ ಕೇಳಿತು. ಸಂಪ್ರದಾಯವೆಂದು ಬಾಯಿ ಮುಚ್ಚಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಡೆದದ್ದನ್ನು ಹೇಳಿ, ಮಕ್ಕಳ ಮಾತು ಕೇಳಿಸಿಕೊಳ್ಳಿ.

ಕರೆದೊಯ್ಯಲು ಬರುವವರು 3:30ಕ್ಕೆ ಜೆಆರ್ ರ್ಯೋಗೊಕು ನಿಲ್ದಾಣದ ಪಶ್ಚಿಮ ದ್ವಾರಕ್ಕೆ ಬನ್ನಿ. ಅದೇ ಹೆಸರಿನ ಓಎಡೊ ಲೈನ್ ನಿಲ್ದಾಣ ಬೇರೆ ಕಡೆ ಇದೆ, ಅಲ್ಲಿ ಕಾಯಬೇಡಿ. ಒಪ್ಪಿಗೆ ಚೀಟಿ ಮಾರ್ಚ್ 15ರೊಳಗೆ ತರಗತಿಯ ಶಿಕ್ಷಕರ ಕೈ ಸೇರಲಿ.

ಇಂತಿ,
ಮುಖ್ಯ ಶಿಕ್ಷಕಿ