ಮೂರು ಸಾಲಿನ ಉದಾಹರಣೆಗೆ ಇನ್ನೂ ನಾಲ್ಕು ಸಾಲು ಸೇರಲಿ

ಮಾನ್ಯ ಸಂಪಾದಕರೇ,

ಸರ್ವರ್ ಬದಿಯಲ್ಲಿ ಜಾವಾಸ್ಕ್ರಿಪ್ಟ್ ಬಳಸುವುದನ್ನು ಕಲಿಸುವ ಬರಹಗಳು ಕನ್ನಡ ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಕಾಣಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಆದರೆ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಎಚ್‌ಟಿಟಿಪಿ (ಜಾಲದಲ್ಲಿ ಮಾಹಿತಿ ಕೇಳಿ ಪಡೆಯುವ ನಿಯಮಾವಳಿ) ವಿನಂತಿ ಕಳುಹಿಸುವ ಭಾಗಕ್ಕೆ ಬಂದಾಗ, ಯಾವುದಾದರೂ ಚಿಕ್ಕ ಲೈಬ್ರರಿಯ ಹೆಸರು ಹೇಳಿ, ವಿಳಾಸ ಕೊಡಿ, ಬಂದ ಉತ್ತರವನ್ನು ಜೇಸನ್ (ದತ್ತಾಂಶ ಬರೆಯುವ ಒಂದು ಪಠ್ಯರೂಪ) ಆಗಿ ಓದಿ, ಪರದೆಯ ಮೇಲೆ ತೋರಿಸಿ ಎಂದು ಮೂರು ಸಾಲಿನಲ್ಲಿ ಪಾಠ ಮುಗಿದುಬಿಡುತ್ತದೆ. ಆ ಮೂರು ಸಾಲು ತಪ್ಪಲ್ಲ. ಎದುರಿನ ಸರ್ವರ್ ತಡಮಾಡಿದರೆ, ದೋಷದ ಉತ್ತರ ಕೊಟ್ಟರೆ, ಬೇರೊಂದು ವಿಳಾಸಕ್ಕೆ ದಾರಿ ತೋರಿಸಿದರೆ ಏನು ಮಾಡಬೇಕೆಂಬುದನ್ನು ಮಾತ್ರ ಅವು ಹೇಳುವುದಿಲ್ಲ. ಹಗುರವಾದ ಲೈಬ್ರರಿಯನ್ನು ಆರಿಸಿಕೊಂಡಾಗ ಈ ಹೊಣೆಯಲ್ಲಿ ಹೆಚ್ಚಿನ ಪಾಲು ಕೋಡ್ ಬರೆಯುವವರ ಮೇಲೆಯೇ ಬೀಳುತ್ತದೆ. ಆದ್ದರಿಂದ ಅದನ್ನು ಮುಂದಿನ ಪಾಠಕ್ಕೆಂದು ಉಳಿಸದೆ ಮೊದಲ ಉದಾಹರಣೆಯಲ್ಲಿಯೇ ಬರೆಯಬೇಕು ಎಂದು ಕೇಳಿಕೊಳ್ಳಲು ಈ ಪತ್ರ.

ಹಗುರ ಲೈಬ್ರರಿಗಳಿಗೆ ನನ್ನ ವಿರೋಧವಿಲ್ಲ, ನಾನು ಅವುಗಳ ಪರವಾಗಿಯೇ ಇದ್ದೇನೆ. 2009ರಲ್ಲಿ ರಯಾನ್ ಡಾಲ್, ಸರ್ವರ್ ಬದಿಯಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಅನ್ನು ಹೊರತಂದ ಕಾಲದಿಂದಲೂ ಎಚ್‌ಟಿಟಿಪಿ ಮಾಡ್ಯೂಲ್ ಅದರ ಜೊತೆಯಲ್ಲೇ ಬರುತ್ತದೆ. ಆದರೆ ಅದನ್ನು ನೇರವಾಗಿ ಬಳಸುವವರು ಉತ್ತರದ ತುಣುಕುಗಳನ್ನು ಬಂದಂತೆಲ್ಲ ಕೂಡಿಸಿಕೊಳ್ಳಬೇಕು, ಉತ್ತರ ಮುಗಿದದ್ದನ್ನು ಗಮನಿಸಬೇಕು, ದೋಷದ ಈವೆಂಟ್‌ಗೆ ಪ್ರತ್ಯೇಕವಾಗಿ ಕಾದಿರಬೇಕು. ಈ ಕೊನೆಯದನ್ನು ಬಿಟ್ಟರೆ, ಎಲ್ಲೋ ಒಂದು ಸಂಪರ್ಕ ಕಡಿದುಹೋದದ್ದಕ್ಕೆ ಇಡೀ ಪ್ರೊಸೆಸ್ಸೇ ನಿಂತುಹೋಗಬಹುದು. ಈ ತೊಡಕನ್ನು ನಿವಾರಿಸಲು ರಿಕ್ವೆಸ್ಟ್ ಎಂಬ ಪ್ಯಾಕೇಜ್ ಬಂತು, ವರ್ಷಗಟ್ಟಲೆ ಹೆಚ್ಚಿನವರು ಅದನ್ನೇ ನೆಚ್ಚಿಕೊಂಡರು. ಅದು ಬೆಳೆಯುತ್ತ ಬೆಳೆಯುತ್ತ ಭಾರವೂ ಆಯಿತು: ಅದರ ಕೊನೆಯ ಆವೃತ್ತಿಗೆ ನೇರ ಅವಲಂಬನೆಗಳೇ (ಅದು ಕೆಲಸ ಮಾಡಲು ಬೇಕಾದ ಇತರ ಪ್ಯಾಕೇಜ್‌ಗಳು) 20, ಅವು ತಮ್ಮ ಹಿಂದೆ ಎಳೆದು ತರುವ ಪ್ಯಾಕೇಜ್‌ಗಳು ಬೇರೆ. 2020ರ ಫೆಬ್ರವರಿಯಲ್ಲಿ ಅದನ್ನು ಬಳಕೆಯಿಂದ ಕೈಬಿಡಬೇಕಾದ ಪ್ಯಾಕೇಜ್ ಎಂದು ಅದರ ನಿರ್ವಾಹಕರೇ ಘೋಷಿಸಿದರು. 2023ರಲ್ಲಿ ಅದರ ಮರುನಿರ್ದೇಶನದ (ಸರ್ವರ್ ತೋರಿಸಿದ ಬೇರೊಂದು ವಿಳಾಸಕ್ಕೆ ಹೋಗುವ) ಭಾಗದಲ್ಲಿ ಒಂದು ಭದ್ರತಾ ದೋಷ ದಾಖಲಾದಾಗ, ಅದನ್ನು ಸರಿಪಡಿಸಿದ ಹೊಸ ಆವೃತ್ತಿ ಬರಲಿಲ್ಲ. ಇಷ್ಟಾದರೂ ಹಳೆಯ ಪಾಠಗಳನ್ನು ನೋಡಿಕೊಂಡು ಇವತ್ತಿಗೂ ಅದನ್ನೇ ಅಳವಡಿಸಿಕೊಳ್ಳುವವರು ಇದ್ದಾರೆ.

ಅವಲಂಬನೆಗಳು ಕಡಿಮೆಯಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ಗಟ್ಟಿಯಾದ ಕಾರಣಗಳಿವೆ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ನೋಡ್ ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರವಾದ ಎನ್‌ಪಿಎಂನಿಂದ ತೆಗೆದುಹಾಕಿದ ಕೂಡಲೇ, ಅದರ ಹೆಸರನ್ನೂ ಕೇಳದ ಎಷ್ಟೋ ಜನರ ಬಿಲ್ಡ್‌ಗಳು (ಕೋಡನ್ನು ಬಳಕೆಗೆ ಸಿದ್ಧಪಡಿಸುವ ಕೆಲಸಗಳು) ನಿಂತುಹೋದವು. 2018ರಲ್ಲಿ ಈವೆಂಟ್-ಸ್ಟ್ರೀಮ್ ಎಂಬ ಜನಪ್ರಿಯ ಪ್ಯಾಕೇಜ್‌ನ ಉಸ್ತುವಾರಿ ಅಪರಿಚಿತ ವ್ಯಕ್ತಿಯೊಬ್ಬರ ಕೈಗೆ ಹೋದಾಗ, ಹೊಸದಾಗಿ ಸೇರಿಸಿದ ಒಂದು ಅವಲಂಬನೆಯೊಳಗೆ ಬಿಟ್‌ಕಾಯಿನ್ ವ್ಯಾಲೆಟ್ ಒಂದನ್ನು ಗುರಿಯಾಗಿಸಿದ ಕಳ್ಳ ಕೋಡ್ ಅಡಗಿ ಬಂತು. ಪಾಸ್‌ವರ್ಡ್‌ಗಳನ್ನೂ ಕೀಲಿಗಳನ್ನೂ ಹೊತ್ತು ಹೊರಗಿನ ಜಗತ್ತಿನೊಡನೆ ವ್ಯವಹರಿಸುವ ಲೈಬ್ರರಿಯ ವಿಷಯದಲ್ಲಂತೂ ಈ ಎಚ್ಚರ ಇನ್ನೂ ಹೆಚ್ಚಾಗಿಯೇ ಇರಬೇಕು. 2022ರ ಏಪ್ರಿಲ್‌ನಲ್ಲಿ ಬಂದ ನೋಡ್ 18ರಿಂದ ವಿನಂತಿ ಕಳುಹಿಸುವ ಫೆಚ್ ಎಂಬ ಫಂಕ್ಷನ್ ನೋಡ್‌ನೊಳಗೇ ಸಿಗುತ್ತದೆ, ಮರುವರ್ಷದ ಅಕ್ಟೋಬರ್‌ನಲ್ಲಿ ಬಂದ ನೋಡ್ 21ರಲ್ಲಿ ಅದರ ಮೇಲಿದ್ದ ಪ್ರಾಯೋಗಿಕ ಎಂಬ ಹಣೆಪಟ್ಟಿಯೂ ಹೋಯಿತು. ನನ್ನ ಅಭಿಪ್ರಾಯದಲ್ಲಿ ಹೊಸಬರು ಇಲ್ಲಿಂದಲೇ ಆರಂಭಿಸಬೇಕು. ವಿಫಲವಾದ ವಿನಂತಿಗಳನ್ನು ಮತ್ತೆ ಕಳುಹಿಸುವ ಅನುಕೂಲ ಬೇಕಾದಾಗ ಫೆಚ್‌ನ ಮೇಲೆ ತೆಳುವಾಗಿ ಕಟ್ಟಿದ ಕೈ (ky) ಎಂಬ ಲೈಬ್ರರಿ ಇದೆ. ಎಲ್ಲ ವಿನಂತಿಗಳಿಗೂ ಒಂದೇ ಕಡೆ ಏನನ್ನಾದರೂ ಸೇರಿಸುವ ಇಂಟರ್‌ಸೆಪ್ಟರ್‌ಗಳು ಬೇಕಾದರೆ ಆಕ್ಸಿಯೋಸ್ ಎಂಬ ಲೈಬ್ರರಿ ಇದೆ. ಮಾಹಿತಿ ತರಿಸುವ ಒಂದೇ ಒಂದು ಗೆಟ್ ವಿನಂತಿಗೆ ಇವೆರಡೂ ಬೇಕಿಲ್ಲ.

ಇನ್ನು ಪಾಠಗಳಲ್ಲಿ ಬಿಟ್ಟುಹೋಗುವ ವಿಷಯಗಳಿಗೆ ಬರುತ್ತೇನೆ. ಫೆಚ್‌ನ ದೃಷ್ಟಿಯಲ್ಲಿ ಎದುರಿನ ಸರ್ವರ್‌ನಿಂದ ಯಾವ ಉತ್ತರ ಬಂದರೂ ವಿನಂತಿ ಸಫಲವಾದಂತೆಯೇ, ಆ ಉತ್ತರದ ಸ್ಥಿತಿ ಸಂಖ್ಯೆ 404 (ಕೇಳಿದ್ದು ಸಿಗಲಿಲ್ಲ) ಆಗಿರಲಿ, 500 (ಸರ್ವರ್‌ನಲ್ಲೇ ದೋಷ) ಆಗಿರಲಿ. ಸಂಪರ್ಕವೇ ಸಿಗದಿದ್ದಾಗ ಅಥವಾ ನಡುವೆ ಕಡಿದುಹೋದಾಗ ಮಾತ್ರ ಅದು ದೋಷ ಎಸೆಯುತ್ತದೆ. ಆಕ್ಸಿಯೋಸ್ ಹಾಗಲ್ಲ, ಯಶಸ್ಸನ್ನು ಸೂಚಿಸುವ 200ರಿಂದ 299ರ ಆಚೆಗಿನ ಸ್ಥಿತಿ ಸಂಖ್ಯೆಗಳನ್ನೆಲ್ಲ ಅದು ದೋಷವೆಂದೇ ಎಣಿಸುತ್ತದೆ. ಆದ್ದರಿಂದ ಒಂದರ ಉದಾಹರಣೆಯನ್ನು ಇನ್ನೊಂದಕ್ಕೆ ಹಾಗೆಯೇ ಬದಲಾಯಿಸಿಕೊಂಡವರ ಕೋಡ್‌ನಲ್ಲಿ ದೋಷ ಹಿಡಿಯುವ ಭಾಗ ಇದ್ದೂ ಇಲ್ಲದಂತಾಗುತ್ತದೆ. ಇದರ ಪರಿಣಾಮವನ್ನು ಕಣ್ಣಾರೆ ಕಾಣಬೇಕೆಂದರೆ, ನಡುವೆ ನಿಂತು ವಿನಂತಿಗಳನ್ನು ದಾಟಿಸುವ ಪ್ರಾಕ್ಸಿ ಸರ್ವರೊಂದು 502 ಎಂಬ ಸ್ಥಿತಿಯೊಂದಿಗೆ ಎಚ್‌ಟಿಎಂಎಲ್‌ನಲ್ಲಿ ಬರೆದ ದೋಷದ ಪುಟ ಕಳುಹಿಸಿದ ಸಂದರ್ಭವನ್ನು ನೋಡಬೇಕು. ಸ್ಥಿತಿಯನ್ನು ಪರೀಕ್ಷಿಸದ ಕೋಡ್ ಆ ಪುಟವನ್ನೇ ಜೇಸನ್ ಎಂದುಕೊಂಡು ಓದಲು ಹೋಗುತ್ತದೆ, ಪುಟದ ಮೊದಲ ಅಕ್ಷರವಾದ ಕೋನಾವರಣ ಚಿಹ್ನೆಯಲ್ಲೇ (<) ಎಡವುತ್ತದೆ, ಅನಿರೀಕ್ಷಿತ ಟೋಕನ್ ಸಿಕ್ಕಿತೆಂಬ ಸಂದೇಶ ಲಾಗ್‌ಗೆ ಬೀಳುತ್ತದೆ. ಅದನ್ನು ಓದಿದವರು ಜೇಸನ್‌ನಲ್ಲಿ ಎಲ್ಲಿ ಅಲ್ಪವಿರಾಮ ತಪ್ಪಿದೆಯೆಂದು ಗಂಟೆಗಟ್ಟಲೆ ಹುಡುಕುತ್ತಾರೆ. ಎದುರಿನ ಸರ್ವರ್ ಕೆಟ್ಟು ಕೂತಿದೆ ಎಂಬ ನಿಜವಾದ ಸುದ್ದಿ ಆ ಲಾಗ್‌ನಲ್ಲಿ ಎಲ್ಲಿಯೂ ಇರುವುದಿಲ್ಲ. ಉತ್ತರದ ಓಕೆ ಎಂಬ ಗುಣವನ್ನು ನೋಡಿ, ಅದು ಸುಳ್ಳೆಂದಾದರೆ ಸ್ಥಿತಿ ಸಂಖ್ಯೆಯನ್ನು ಸೇರಿಸಿ ದೋಷ ಎಸೆಯಲು ಒಂದು ಸಾಲು ಸಾಕು.

ಕಾಲಮಿತಿಯ ವಿಷಯ ಇದಕ್ಕಿಂತ ಗಂಭೀರವಾದದ್ದು. ಆಕ್ಸಿಯೋಸ್‌ನಲ್ಲಿ ನಾವಾಗಿ ಏನೂ ಹೇಳದಿದ್ದರೆ ಕಾಲಮಿತಿ ಸೊನ್ನೆ, ಅಂದರೆ ಮಿತಿಯೇ ಇಲ್ಲ. ನೋಡ್‌ನ ಫೆಚ್‌ನ ಹಿಂದೆ ಕೆಲಸ ಮಾಡುವ ಉಂಡಿಚಿ ಎಂಬ ಕ್ಲೈಂಟ್ (ವಿನಂತಿ ಕಳುಹಿಸುವ ತಂತ್ರಾಂಶ) ಉತ್ತರದ ಮೊದಲಿಗೆ ಬರುವ ವಿವರಗಳಾದ ಹೆಡರ್‌ಗಳಿಗಾಗಿ 300 ಸೆಕೆಂಡ್ ಕಾಯುತ್ತದೆ, ಆಮೇಲೆ ಉತ್ತರದ ಒಂದು ತುಣುಕಿಗೂ ಮುಂದಿನ ತುಣುಕಿಗೂ ನಡುವೆ ಮತ್ತೆ 300 ಸೆಕೆಂಡ್‌ವರೆಗೆ ಕಾಯುತ್ತದೆ. ಹಾಗಾಗಿ ನಾಲ್ಕು ನಿಮಿಷಕ್ಕೊಂದು ಬೈಟ್ ಕಳುಹಿಸುವ ಸರ್ವರ್‌ಗಾಗಿ ಅದು ಎಷ್ಟು ಹೊತ್ತಾದರೂ ಕಾದೇ ಇರುತ್ತದೆ. ಕೈ ಲೈಬ್ರರಿ ಮಾತ್ರ ಹತ್ತು ಸೆಕೆಂಡಿಗೆ ಪ್ರಯತ್ನ ಕೈಬಿಡುತ್ತದೆ. ಬ್ರೌಸರ್‌ನಲ್ಲಿ ಪುಟ ತಡವಾದರೆ ಬಳಕೆದಾರರು ಬೇಸತ್ತು ಮುಚ್ಚಿಬಿಡುತ್ತಾರೆ, ಸರ್ವರ್‌ನಲ್ಲಿ ಹಾಗೆ ಬೇಸರಪಡುವವರು ಯಾರೂ ಇಲ್ಲ. ಸೆಕೆಂಡಿಗೆ 50 ವಿನಂತಿಗಳನ್ನು ಸ್ವೀಕರಿಸಿ, ಪ್ರತಿಯೊಂದಕ್ಕೂ ಹೊರಗಿನ ಒಂದು ಸೇವೆಯನ್ನು ಕೇಳುವ ಸರ್ವರ್ ಇದೆ ಎಂದುಕೊಳ್ಳೋಣ. ಆ ಸೇವೆ ಉಸಿರೆತ್ತದೆ ಸುಮ್ಮನಾಯಿತೆಂದರೆ, ಮೊದಲ ವಿನಂತಿಯ 300 ಸೆಕೆಂಡ್ ಮುಗಿಯುವಷ್ಟರಲ್ಲಿ 15,000 ವಿನಂತಿಗಳು ಬಾಕಿ ನಿಂತಿರುತ್ತವೆ. ಪ್ರತಿಯೊಂದೂ ಮೆಮೊರಿಯನ್ನೂ ಸಾಕೆಟ್ಟನ್ನೂ (ಜಾಲ ಸಂಪರ್ಕದ ತುದಿ) ಹಿಡಿದುಕೊಂಡಿರುತ್ತದೆ. ಆಗ ಆ ಸೇವೆಯ ಗೊಡವೆಯೇ ಇಲ್ಲದ ಇತರ ಪುಟಗಳೂ ಸ್ಥಗಿತಗೊಳ್ಳುತ್ತವೆ. ಹೀಗೆ ಒಬ್ಬರ ನಿಧಾನ ಎಲ್ಲರ ನಿಲುಗಡೆಯಾಗುವುದನ್ನು ತಡೆಯಲು, ವಿನಂತಿಯನ್ನು ನಡುವೆಯೇ ನಿಲ್ಲಿಸುವ ಅಬಾರ್ಟ್‌ಸಿಗ್ನಲ್‌ನ ಟೈಮ್‌ಔಟ್ ವಿಧಾನಕ್ಕೆ 5000 ಎಂದು ಮಿಲಿಸೆಕೆಂಡ್‌ಗಳಲ್ಲಿ ಹೇಳಿ, ಅದು ಕೊಡುವ ಸಿಗ್ನಲ್ಲನ್ನು ಫೆಚ್‌ಗೆ ದಾಟಿಸಿದರೆ ಸಾಕು. ಐದು ಸೆಕೆಂಡಿನ ಆ ಗಡುವು ಹೆಡರ್‌ಗಳಿಗಷ್ಟೇ ಅಲ್ಲ, ಇಡೀ ಉತ್ತರವನ್ನು ಓದಿ ಮುಗಿಸುವುದಕ್ಕೂ ಅನ್ವಯಿಸುತ್ತದೆ.

ಕನ್ನಡದಲ್ಲಿ ಬರೆಯುವವರು ಬೇರೆ ಯಾರಿಗಿಂತಲೂ ಮುತುವರ್ಜಿಯಿಂದ ಹೇಳಬೇಕಾದ ಒಂದು ಸಂಗತಿ ಇದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್. ‘ಕನ್ನಡ’ ಎಂಬ ಪದದ ಉದ್ದ ಎಷ್ಟೆಂದು ಜಾವಾಸ್ಕ್ರಿಪ್ಟನ್ನು ಕೇಳಿದರೆ ಕ, ನ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ, ಮತ್ತೊಂದು ನ, ಡ ಎಂದು ಎಣಿಸಿ ಐದು ಎನ್ನುತ್ತದೆ, ಆದರೆ ತಂತಿಯ ಮೇಲೆ ಹೋಗುವುದು 15 ಬೈಟ್. ಕಳುಹಿಸುವ ಪಠ್ಯದ ಉದ್ದವನ್ನು ಹೇಳುವ ಕಂಟೆಂಟ್-ಲೆಂತ್ ಹೆಡರ್‌ನಲ್ಲಿ ತುಂಬಬೇಕಾದದ್ದು ಬೈಟ್‌ಗಳ ಲೆಕ್ಕ. ಎಚ್‌ಟಿಟಿಪಿ ಮಾಡ್ಯೂಲನ್ನು ನೇರವಾಗಿ ಬಳಸುವ ಎಷ್ಟೋ ಉದಾಹರಣೆಗಳಲ್ಲಿ ಸ್ಟ್ರಿಂಗ್‌ನ (ಕೋಡ್‌ನಲ್ಲಿರುವ ಪಠ್ಯದ) ಉದ್ದವನ್ನೇ ಅಲ್ಲಿ ಬರೆದಿರುತ್ತಾರೆ. ಆಗ ಎದುರಿನ ಸರ್ವರ್ ಐದೇ ಬೈಟ್ ಓದಿಕೊಳ್ಳುತ್ತದೆ: ಒಂದು ಪೂರ್ತಿ ‘ಕ’, ಮುಂದಿನ ‘ನ’ದ ಮೂರರಲ್ಲಿ ಎರಡು ಬೈಟ್. ಉಳಿದ ಹತ್ತು ಬೈಟ್‌ಗಳನ್ನು ಅದೇ ಸಂಪರ್ಕದಲ್ಲಿ ಬರುತ್ತಿರುವ ಮುಂದಿನ ವಿನಂತಿಯ ಆರಂಭವೆಂದು ಭಾವಿಸಿ ತಿರಸ್ಕರಿಸುತ್ತದೆ. ಬಫರ್‌ನ ಬೈಟ್‌ಲೆಂತ್ ಎಂಬ ವಿಧಾನದಿಂದ ಎಣಿಸಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ.

ಉತ್ತರವನ್ನು ಓದುವಾಗಲೂ ಇದೇ ತೊಂದರೆ ಬೇರೊಂದು ರೂಪದಲ್ಲಿ ಕಾಡುತ್ತದೆ. ಉತ್ತರ ತುಣುಕು ತುಣುಕಾಗಿ ಬರುತ್ತದೆ, ಆ ತುಣುಕುಗಳಿಗೆ ಅಕ್ಷರಗಳ ಗಡಿ ಗೊತ್ತಿರುವುದಿಲ್ಲ. ‘ಕ’ ಎಂಬುದರ ಮೂರು ಬೈಟ್‌ಗಳಲ್ಲಿ ಮೊದಲನೆಯದು ಒಂದು ತುಣುಕಿನ ಕೊನೆಗೂ ಉಳಿದೆರಡು ಮುಂದಿನದರ ಮೊದಲಿಗೂ ಬಿದ್ದಾಗ, ಪ್ರತಿ ತುಣುಕನ್ನೂ ಬಂದ ಕೂಡಲೇ ಸ್ಟ್ರಿಂಗ್ ಆಗಿಸಿ ಜೋಡಿಸುವ ಕೋಡ್‌ನಲ್ಲಿ ಆ ಅಕ್ಷರದ ಜಾಗಕ್ಕೆ ಪ್ರಶ್ನೆಚಿಹ್ನೆಯಿರುವ ಕಪ್ಪು ವಜ್ರಾಕೃತಿಗಳು ಬಂದು ಕೂರುತ್ತವೆ. ಚಿಕ್ಕ ಉತ್ತರ ಒಂದೇ ತುಣುಕಿನಲ್ಲಿ ಬರುವುದರಿಂದ ಪರೀಕ್ಷಿಸುವಾಗ ಇದು ಕಾಣಿಸುವುದಿಲ್ಲ; ಉತ್ತರ ದೊಡ್ಡದಾದಾಗ, ಅದೂ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಕಾಣಿಸಿಕೊಂಡು ಹುಡುಕುವವರನ್ನು ದಿಕ್ಕುತಪ್ಪಿಸುತ್ತದೆ. ಇಂಗ್ಲಿಷ್ ಪಠ್ಯದಿಂದಷ್ಟೇ ಪರೀಕ್ಷಿಸಿದವರಿಗೆ ಇಂಥದ್ದೊಂದು ದೋಷ ಇದೆಯೆಂದು ಎಂದೆಂದಿಗೂ ತಿಳಿಯದು. ಫೆಚ್‌ನ ಟೆಕ್ಸ್ಟ್ ಮತ್ತು ಜೇಸನ್ ವಿಧಾನಗಳು ಇದನ್ನು ಸರಿಯಾಗಿ ನಿಭಾಯಿಸುತ್ತವೆ, ಹಗುರ ಲೈಬ್ರರಿಯೊಂದು ನಮಗೆ ಮಾಡಿಕೊಡುವ ದೊಡ್ಡ ಉಪಕಾರ ಇದು. ಆದರೆ ಉತ್ತರವನ್ನು ಸ್ಟ್ರೀಮ್ ಆಗಿ (ತುಣುಕು ಬಂದಂತೆಲ್ಲ) ನಾವೇ ಓದುವುದಾದರೆ, ಬೈಟ್‌ಗಳನ್ನು ಅಕ್ಷರಗಳಾಗಿಸುವ ಟೆಕ್ಸ್ಟ್‌ಡಿಕೋಡರ್‌ಗೆ ಸ್ಟ್ರೀಮ್ ಎಂಬ ಆಯ್ಕೆಯನ್ನು ಕೊಟ್ಟು, ಅರ್ಧ ಉಳಿದ ಬೈಟ್‌ಗಳನ್ನು ಮುಂದಿನ ತುಣುಕಿನವರೆಗೆ ಇಟ್ಟುಕೊಳ್ಳುವಂತೆ ಹೇಳಬೇಕು.

ಮರುನಿರ್ದೇಶನದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಫೆಚ್ ತಾನಾಗಿಯೇ 20 ಮರುನಿರ್ದೇಶನಗಳವರೆಗೆ ಹಿಂಬಾಲಿಸುತ್ತದೆ. ದಾರಿ ಬೇರೆ ಡೊಮೇನ್‌ಗೆ ತಿರುಗಿದಾಗ, ಕಳುಹಿಸುವವರ ಗುರುತಿನ ಪುರಾವೆ ಹೊತ್ತ ಆಥರೈಸೇಷನ್ ಹೆಡರನ್ನು ಅದು ಕಳಚಿಹಾಕುತ್ತದೆ, ಆದರೆ ನಾವೇ ಹೆಸರಿಟ್ಟು ಸೇರಿಸಿದ ಎಪಿಐ ಕೀಲಿಯ (ಸೇವೆ ಬಳಸಲು ಕೊಟ್ಟ ಗುಟ್ಟಿನ ಸಂಕೇತದ) ಹೆಡರ್ ಹೊಸ ಡೊಮೇನ್‌ಗೂ ಹೋಗುತ್ತದೆ. 2022ರ ಆರಂಭದಲ್ಲಿ ನೋಡ್-ಫೆಚ್ ಎಂಬ ಪ್ರತ್ಯೇಕ ಪ್ಯಾಕೇಜ್‌ನಲ್ಲಿಯೂ ಆಕ್ಸಿಯೋಸ್ ಆಧರಿಸಿರುವ ಫಾಲೋ-ರೀಡೈರೆಕ್ಟ್ಸ್‌ನಲ್ಲಿಯೂ ಗುಟ್ಟಿನ ಹೆಡರ್‌ಗಳು ಹೀಗೆ ಪರರ ಪಾಲಾಗುವ ದೋಷಗಳು ಪತ್ತೆಯಾಗಿ, ಸರಿಪಡಿಸಿದ ಆವೃತ್ತಿಗಳು ಬಂದವು. ಕೀಲಿ ಹೊತ್ತ ವಿನಂತಿಗಳಲ್ಲಿ ಮರುನಿರ್ದೇಶನ ಬಂದರೆ ದೋಷವೆಂದು ಪರಿಗಣಿಸುವ ಆಯ್ಕೆಯನ್ನು ಬರೆದಿಡುವುದು ಲೇಸು.

ವಿಫಲವಾದದ್ದನ್ನು ಮತ್ತೆ ಕಳುಹಿಸುವುದು ಹೇಗೆಂದು ಕಲಿಸುವವರು, ಯಾವುದನ್ನು ಮತ್ತೆ ಕಳುಹಿಸಬಾರದೆಂಬುದನ್ನೂ ಜೊತೆಯಲ್ಲೇ ಕಲಿಸಬೇಕು. ಎಚ್‌ಟಿಟಿಪಿಯ ನಿಯಮಗಳಂತೆ ಗೆಟ್ (ತರಿಸು), ಪುಟ್ (ಇಡು), ಡಿಲೀಟ್ (ಅಳಿಸು) ವಿನಂತಿಗಳನ್ನು ಎಷ್ಟು ಸಲ ಕಳುಹಿಸಿದರೂ ಉದ್ದೇಶಿತ ಪರಿಣಾಮ ಒಂದೇ. ಮಾಹಿತಿ ಸಲ್ಲಿಸುವ ಪೋಸ್ಟ್‌ಗೆ ಆ ಭರವಸೆ ಇಲ್ಲ. ಕಾಲಮಿತಿ ಮೀರಿತೆಂಬ ದೋಷದಿಂದ ತಿಳಿಯುವುದು ಉತ್ತರ ನಮಗೆ ತಲುಪಲಿಲ್ಲ ಎಂಬುದಷ್ಟೇ. ಕೆಲಸ ಆ ಕಡೆ ನಡೆದೇ ಹೋಗಿರಬಹುದು. ಹಣ ಪಾವತಿಯ ಪೋಸ್ಟ್ ವಿನಂತಿಯನ್ನು ಕಣ್ಣುಮುಚ್ಚಿ ಮತ್ತೆ ಕಳುಹಿಸಿದರೆ ಹಣ ಎರಡು ಸಲ ಕಡಿತವಾಗಬಹುದು. ಅಂಥ ವಿನಂತಿಗೆ ಒಂದು ವಿಶಿಷ್ಟ ಗುರುತನ್ನು ಸೇರಿಸಿ, ಅದೇ ಗುರುತು ಮತ್ತೆ ಬಂದರೆ ಹೊಸ ಪಾವತಿಯೆಂದು ಎಣಿಸದ ಸೇವೆಯೊಂದಿಗೆ ಮಾತ್ರ ಮರುಪ್ರಯತ್ನ ಮಾಡಬೇಕು. 429 (ವಿನಂತಿಗಳು ಅತಿಯಾದವು) ಅಥವಾ 503 (ಸೇವೆ ಸದ್ಯ ಲಭ್ಯವಿಲ್ಲ) ಬಂದಾಗ ರೀಟ್ರೈ-ಆಫ್ಟರ್ ಹೆಡರ್ ಇದ್ದರೆ ಅದು ಹೇಳಿದಷ್ಟು ಕಾಯಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಅಂತರವನ್ನು ಹೆಚ್ಚಿಸುತ್ತ, ಅದರಲ್ಲಿ ಸ್ವಲ್ಪ ಏರುಪೇರು ಬೆರೆಸಬೇಕು. ಹಾಗೆ ಮಾಡದಿದ್ದರೆ ಆಗತಾನೇ ಚೇತರಿಸಿಕೊಳ್ಳುತ್ತಿರುವ ಸರ್ವರ್ ಮೇಲೆ ಎಲ್ಲ ಕ್ಲೈಂಟ್‌ಗಳೂ ಒಂದೇ ಕ್ಷಣದಲ್ಲಿ ಮುಗಿಬೀಳುತ್ತವೆ.

ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ಎದುರಿನ ಸರ್ವರ್‌ನ ಗುರುತನ್ನು ಸಾಬೀತುಪಡಿಸುವ ಪ್ರಮಾಣಪತ್ರದ ದೋಷ ಬಂದಾಗ ಟಿಎಲ್‌ಎಸ್ (ಸಂಪರ್ಕವನ್ನು ಸುರಕ್ಷಿತವಾಗಿಡುವ ವ್ಯವಸ್ಥೆ) ಪರಿಶೀಲನೆಯನ್ನೇ ನಿಲ್ಲಿಸಿಬಿಡಿ ಎಂಬ ಸಲಹೆಯನ್ನು ಯಾವ ಪಾಠದಲ್ಲಿಯೂ ಅಚ್ಚುಮಾಡಬಾರದು. ಕೋಡ್ ಓಡುತ್ತದೆ ನಿಜ, ಆದರೆ ನಡುವೆ ಕುಳಿತ ಯಾರು ಬೇಕಾದರೂ ಎದುರಿನ ಸರ್ವರ್‌ನ ಸೋಗಿನಲ್ಲಿ ಉತ್ತರಿಸಬಹುದು. ಅಭ್ಯಾಸಕ್ಕೆಂದು ಬರೆದ ಆ ಸಾಲು ಗಮನಕ್ಕೆ ಬಾರದೆ ನಿಜವಾದ ಬಳಕೆಗೂ ಹೋಗಿ ಸೇರುತ್ತದೆ. ಸ್ವಂತ ಪ್ರಮಾಣಪತ್ರ ಪ್ರಾಧಿಕಾರವಿದ್ದರೆ ಅದರ ಪ್ರಮಾಣಪತ್ರದ ಫೈಲ್‌ನ ದಾರಿಯನ್ನು ನೋಡ್‌ಗೆ ತಿಳಿಸುವ ವ್ಯವಸ್ಥೆ ಇದೆ, ಅದನ್ನು ಕಲಿಸಲು ಒಂದು ಪ್ಯಾರಾ ಸಾಕು.

ಜಾಗದ ಅಭಾವ ಪತ್ರಿಕೆಗೆ ಇದ್ದೇ ಇರುತ್ತದೆ ಎಂಬುದು ನನಗೆ ಗೊತ್ತು. ನಾನು ಕೇಳುತ್ತಿರುವುದು ಇನ್ನೊಂದು ಲೇಖನವನ್ನಲ್ಲ, ಇದ್ದ ಉದಾಹರಣೆಗೆ ನಾಲ್ಕು ಸಾಲನ್ನು: ಸ್ಥಿತಿಯ ಪರೀಕ್ಷೆ, ಕಾಲಮಿತಿ, ಮರುನಿರ್ದೇಶನದ ಆಯ್ಕೆ, ಹಿಡಿದ ದೋಷವನ್ನು ಸ್ಥಿತಿ ಸಂಖ್ಯೆಯೊಂದಿಗೆ ಲಾಗ್‌ಗೆ ಬರೆಯುವುದು. ಉದಾಹರಣೆಯ ಪರೀಕ್ಷೆಗೆ ಬಳಸುವ ಪಠ್ಯ ಕನ್ನಡದ್ದಾಗಿರಲಿ, ಸ್ವಲ್ಪ ಉದ್ದವಾಗಿಯೂ ಇರಲಿ. ಯಾವ ನೋಡ್ ಆವೃತ್ತಿಯಲ್ಲಿ ಓಡಿಸಿ ನೋಡಿದ ಕೋಡ್ ಇದು ಎಂಬುದನ್ನು ಲೇಖನದ ಕೆಳಗೆ ನಮೂದಿಸಿದರೆ, ವರ್ಷ ಕಳೆದ ಮೇಲೆ ಓದುವವರಿಗೂ ಅನುಕೂಲ. ರಿಕ್ವೆಸ್ಟ್ ಪ್ಯಾಕೇಜನ್ನು ಅಳವಡಿಸಿಕೊಳ್ಳುವಂತೆ ಹೇಳಿದ ಹಳೆಯ ಲೇಖನಗಳು ತಮ್ಮ ಜಾಲತಾಣದಲ್ಲಿ ಇನ್ನೂ ಉಳಿದಿದ್ದರೆ, ಅವುಗಳನ್ನು ಅಳಿಸುವ ಅಗತ್ಯವಿಲ್ಲ. ಆ ಪ್ಯಾಕೇಜ್ 2020ರಿಂದ ನಿರ್ವಹಣೆಯಲ್ಲಿಲ್ಲ, ಅದರ ಬದಲು ನೋಡ್‌ನ ಫೆಚ್ ಬಳಸಬಹುದು ಎಂಬ ಸೂಚನೆಯನ್ನು ಮೊದಲ ಸಾಲಿನ ಮೇಲೆ ಸೇರಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ,
ಸಾಫ್ಟ್‌ವೇರ್ ಎಂಜಿನಿಯರ್